ಬೇವಿನ ಎಲೆಯ ಜಿಸಿ-ಎಂಎಸ್ ವರದಿಯಲ್ಲಿ ಅಜಾಡಿರಾಕ್ಟಿನ್ ಯಾಕೆ ಬರಲಿಲ್ಲ?

ನೆರಳಲ್ಲಿ ಒಣಗಿಸಿದ ಬೇವಿನ ಎಲೆಯ ಮೆಥನಾಲ್ ಸಾರವನ್ನು ಜಿಸಿ-ಎಂಎಸ್‌ಗೆ, ಅಂದರೆ ಸಾರವನ್ನು ಆವಿ ಮಾಡಿ ಅದರ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆಗೆ, ಕಳಿಸಿದಿರಿ. ಫೈಟಾಲ್, ಹೆಕ್ಸಾಡೆಕನೋಯಿಕ್ ಆಮ್ಲ, ಡೈಈಥೈಲ್ ಥಾಲೇಟ್ ಬಂತು, ಬೇವಿನ ಹೆಸರಾಂತ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ಬರಲಿಲ್ಲ, ಎಲೆಯೇ ಕೆಟ್ಟಿತ್ತಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ಎಲೆ ಕೆಟ್ಟಿತ್ತು ಅನ್ನಲು ಆಗುವುದಿಲ್ಲ. ಜಿಸಿ-ಎಂಎಸ್ ಉಪಕರಣಕ್ಕೆ ಅಜಾಡಿರಾಕ್ಟಿನ್ ಕಾಣುವುದೇ ಇಲ್ಲ.

ಜಿಸಿಯಲ್ಲಿ, ಅಂದರೆ ಘಟಕಗಳನ್ನು ಬೇರ್ಪಡಿಸುವ ಹಂತದಲ್ಲಿ, ಸಾರ ಮೊದಲು 250 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಆವಿಯಾಗಬೇಕು. ಆವಿಯಾದದ್ದಷ್ಟೇ ಕಾಲಂ ಎಂಬ ತೆಳು ಕೊಳವೆಯ ಒಳಗೆ ಸಾಗುತ್ತದೆ. ಅಜಾಡಿರಾಕ್ಟಿನ್‌ನ ಅಣುತೂಕ 720, ಆಕ್ಸಿಜನ್ ಪರಮಾಣುಗಳೇ 16. ಆವಿಯಾಗುವ ಮೊದಲೇ ಒಡೆದುಹೋಗುತ್ತದೆ. ಎಂಥ ಜಟಿಲ ಅಣು ಅಂದರೆ, ಕೇಂಬ್ರಿಡ್ಜ್‌ನ ಸ್ಟೀವನ್ ಲೇ ಅವರ ತಂಡ 22 ವರ್ಷ ದುಡಿದು 2007ರಲ್ಲಿ ಅದನ್ನು ಲ್ಯಾಬಿನಲ್ಲಿ ಕಟ್ಟಿತು. ಅಲ್ಲದೆ ಅದು ಜಾಸ್ತಿ ಇರುವುದು ಬೀಜದಲ್ಲಿ. ಎಲೆಯಲ್ಲಿ ನೀವು ಹುಡುಕಬೇಕಾದದ್ದು ನಿಂಬೊಲೈಡ್ ಎಂಬ ಬೇವಿನದೇ ಇನ್ನೊಂದು ಅಂಶ, ಅಣುತೂಕ 466. ಅದಕ್ಕೂ ಜಿಸಿ ಹೊಂದುವುದಿಲ್ಲ.

ಹಾಗಾದರೆ ಬಂದದ್ದೇನು? ಫೈಟಾಲ್ ಕ್ಲೋರೊಫಿಲ್‌ನ ಬಾಲ. ಹೊಂಗೆ, ಹಲಸು, ನುಗ್ಗೆ, ಯಾವ ಹಸಿರೆಲೆ ಕಳಿಸಿದರೂ ಬರುತ್ತದೆ. ಹೆಕ್ಸಾಡೆಕನೋಯಿಕ್ ಆಮ್ಲ ಅಂದರೆ ಪಾಲ್ಮಿಟಿಕ್ ಆಮ್ಲ, ಎಲ್ಲ ಕಡೆ ಇರುವ ಕೊಬ್ಬಿನಾಮ್ಲ. ಡೈಈಥೈಲ್ ಥಾಲೇಟ್ ಪ್ಲಾಸ್ಟಿಕ್ ಮೆದುವಾಗಿಸಲು ಬೆರೆಸುವ ವಸ್ತು, ಬಹುಮಟ್ಟಿಗೆ ಪ್ಲಾಸ್ಟಿಕ್ ಬಾಟಲಿ, ಟ್ಯೂಬುಗಳಿಂದ ಬಂದಿರುತ್ತದೆ. ದಯವಿಟ್ಟು ಅದನ್ನು ಬೇವಿನ ಔಷಧಿ ಗುಣ ಅಂತ ಬರೆಯಬೇಡಿ. ಇಂಥ ಪಟ್ಟಿಯ ಪಕ್ಕದಲ್ಲಿ 'ಕ್ಯಾನ್ಸರ್ ನಿರೋಧಕ' ಅಂತ ಸೇರಿಸಿದ ಪ್ರಾಜೆಕ್ಟ್ ವರದಿ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಬೇವಿಗೆ ಆ ಸುಳ್ಳಿನ ಆಸರೆ ಬೇಕಿಲ್ಲ.

ಈಗ ಏನು ಮಾಡಬಹುದು? ನಿಂಬೊಲೈಡ್ ಮತ್ತು ಕ್ವೆರ್ಸೆಟಿನ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಬೇಕಾದ ಶುದ್ಧ ಮಾದರಿ) ಇಟ್ಟುಕೊಂಡು ಎಚ್‌ಪಿಎಲ್‌ಸಿ, ಅಂದರೆ ಆವಿ ಮಾಡದೆ ದ್ರವದಲ್ಲೇ ಘಟಕ ಬೇರ್ಪಡಿಸುವ ಪರೀಕ್ಷೆ, ಮಾಡಿಸಿ. ಹಾಗೆ ಬೇರ್ಪಡಿಸಿದ್ದರ ಅಣುತೂಕವನ್ನೂ ಅಳೆಯುವ ಎಲ್‌ಸಿ-ಎಂಎಸ್ ಸಿಕ್ಕರೆ ಇನ್ನೂ ಒಳ್ಳೆಯದು. ದುಡ್ಡು ಸಾಲದಿದ್ದರೆ ತೆಳು ಲೇಪದ ಪ್ಲೇಟಿನ ಮೇಲೆ ಘಟಕ ಬೇರ್ಪಡಿಸುವ ಟಿಎಲ್‌ಸಿಯೇ ಸಾಕಷ್ಟು ಹೇಳುತ್ತದೆ. ಸಿಲಿಕಾ ಪ್ಲೇಟಿನ ಮೇಲೆ ನಿಮ್ಮ ಸಾರದ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಚುಕ್ಕೆ ಇಡಿ. ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ಮಿಶ್ರಣದಲ್ಲಿ ಓಡಿಸಿ, ವೆನಿಲಿನ್-ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಬಿಸಿ ಮಾಡಿ. ಎರಡೂ ಒಂದೇ ಎತ್ತರಕ್ಕೆ ಏರಿ ಒಂದೇ ಬಣ್ಣ ತೋರಿದರೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸುಳಿವು ಇದ್ದ ಹಾಗೆ. ಮೆಗ್ನೀಸಿಯಮ್ ಚೂರು, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೆಂಪು ಬರಿಸುವ ಶಿನೋಡಾ ಪರೀಕ್ಷೆಯನ್ನೂ ಮಾಡಿ. ಆದರೆ ಅದು ಕ್ವೆರ್ಸೆಟಿನ್ ಸೇರಿರುವ ಫ್ಲೇವನಾಯ್ಡ್ ಗುಂಪನ್ನಷ್ಟೇ ಹೇಳುತ್ತದೆ, ಯಾವ ಫ್ಲೇವನಾಯ್ಡ್ ಅಂತ ಹೇಳುವುದಿಲ್ಲ.

ಜಿಸಿ-ಎಂಎಸ್ ಫಲಿತಾಂಶ ಬಿಸಾಡಬೇಡಿ. 'ಆವಿಯಾಗುವ ಘಟಕಗಳು' ಅಂತ ತಲೆಬರಹ ಕೊಟ್ಟು ಸೇರಿಸಿ. ಮುಂದಿನ ಸಲ ಸಾರವನ್ನು ಗಾಜಿನ ಶೀಶೆಯಲ್ಲಿಡಿ. ಎಲೆ ಹಾಕದ ಬರೀ ಮೆಥನಾಲನ್ನೂ ಒಂದು ಶೀಶೆಯಲ್ಲಿ ಕಳಿಸಿ. ಥಾಲೇಟ್ ಅದರಲ್ಲೂ ಬಂದರೆ ಅದು ಎಲೆಯದ್ದಲ್ಲ ಅಂತ ವೈವಾದಲ್ಲಿ ಧೈರ್ಯವಾಗಿ ಹೇಳಬಹುದು.