ಬಿಟ್‌ಕಾಯಿನ್ ವಿಳಾಸ ಕೊಟ್ಟರೆ ನನ್ನ ಹಣವೆಲ್ಲ ಕಾಣುತ್ತಾ?

ಪ್ರಶ್ನೆ: ಸರ್, ಇಲ್ಲಿನ ಒಂದು ಎಕ್ಸ್‌ಚೇಂಜ್‌ನಲ್ಲಿ ಆಗಾಗ ಬಿಟ್‌ಕಾಯಿನ್ ಕೊಂಡು ಮೊಬೈಲ್ ವ್ಯಾಲೆಟ್‌ಗೆ ಹಾಕಿಡುತ್ತೇನೆ. ಗೆಳೆಯ ಕೊಡಬೇಕಿದ್ದ ಬಾಕಿಯನ್ನು ಬಿಟ್‌ಕಾಯಿನ್‌ನಲ್ಲೇ ಕೊಡ್ತೀನಿ ಅಂದ. ನಾನು ಯಾವಾಗಲೂ ಬಳಸುವ ವಿಳಾಸವನ್ನೇ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದೆ. ಈಗ ‘ಏನಪ್ಪಾ, ಭಾರಿ ಕುಳ ನೀನು’ ಅಂತಾನೆ. ಬಿಟ್‌ಕಾಯಿನ್‌ನಲ್ಲಿ ಯಾರದ್ದು ಎಷ್ಟು ಅಂತ ಗೊತ್ತಾಗಲ್ಲ ಅಲ್ವಾ? ಮೊನೆರೋ ಅನ್ನೋ ಇನ್ನೊಂದು ಕ್ರಿಪ್ಟೋ ನಾಣ್ಯಕ್ಕೆ ಬದಲಾಯಿಸಿಕೊಂಡರೆ ಸರಿಹೋಗುತ್ತಾ?

ಉತ್ತರ: ಗೆಳೆಯ ನೋಡಿಯೇ ಹೇಳ್ತಿದ್ದಾನೆ. ಬಿಟ್‌ಕಾಯಿನ್ ವ್ಯವಹಾರದ ಸಾರ್ವಜನಿಕ ದಾಖಲೆ (ಬ್ಲಾಕ್‌ಚೈನ್) ತೋರಿಸುವ ವೆಬ್‌ಸೈಟ್, ಅಂದರೆ ಬ್ಲಾಕ್ ಎಕ್ಸ್‌ಪ್ಲೋರರ್ ತೆರೆದು ಆ ವಿಳಾಸ ಹಾಕಿದರೆ ಸಾಕು, ಯಾವತ್ತು ಎಷ್ಟು ಬಂತು, ಎಷ್ಟು ಹೋಯ್ತು, ಈಗ ಎಷ್ಟಿದೆ ಎಲ್ಲ ಕಾಣುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಅಲ್ಲಿ ಇಲ್ಲದ್ದು ಹೆಸರೊಂದೇ, ಅದನ್ನು ನೀವೇ ಗ್ರೂಪ್‌ನಲ್ಲಿ ಕೊಟ್ಟುಬಿಟ್ಟಿರಿ. ಹಳೆಯ ವ್ಯವಹಾರಕ್ಕೂ ಈಗ ಅದು ಅಂಟಿಕೊಳ್ಳುತ್ತದೆ, ಅಳಿಸಲು ಬರುವುದಿಲ್ಲ.

ಪ್ರತಿ ಸಲ ಹೊಸ ವಿಳಾಸ ಬಳಸಿ ಅಂತ ಬಿಟ್‌ಕಾಯಿನ್ ರೂಪಿಸಿದ ಸತೋಶಿ ನಕಾಮೊಟೊ 2008ರ ಲೇಖನದಲ್ಲೇ ಬರೆದಿದ್ದರು. ಈಗಿನ ಬಹುತೇಕ ವ್ಯಾಲೆಟ್‌ಗಳು ತಾವಾಗಿಯೇ ಹೊಸದು ಕೊಡುತ್ತವೆ. ಆದರೆ ಅಷ್ಟರಿಂದಲೇ ಮುಗಿಯಲ್ಲ. ನಿಮ್ಮ ಹತ್ತಿರ 0.05 ಬಿಟ್‌ಕಾಯಿನ್‌ನ ಒಂದೇ ತುಂಡು, ಅಂದರೆ ಒಂದೇ ಸಲಕ್ಕೆ ಬಂದ ಮೊತ್ತ, ಇದೆ ಅನ್ನಿ. ಯಾರಿಗಾದರೂ 0.01 ಕೊಟ್ಟರೆ ಇಡೀ ತುಂಡು ಹೊರಗೆ ಹೋಗಿ, ಶುಲ್ಕ ಕಳೆದು ಸುಮಾರು 0.04 ಚಿಲ್ಲರೆಯಾಗಿ ನಿಮ್ಮದೇ ಇನ್ನೊಂದು ವಿಳಾಸಕ್ಕೆ ವಾಪಸ್ ಬರುತ್ತದೆ. ದುಡ್ಡು ಪಡೆದವನಿಗೆ ಆ ಚಿಲ್ಲರೆಯೂ ಕಾಣುತ್ತದೆ. ಮುಂದೆ ದೊಡ್ಡ ಮೊತ್ತ ಕೊಡಲು ವ್ಯಾಲೆಟ್ ನಾಲ್ಕು ತುಂಡು ಸೇರಿಸಿತೋ, ನಾಲ್ಕೂ ವಿಳಾಸ ಒಬ್ಬನದೇ ಅಂತ ನೋಡುವವರು ಲೆಕ್ಕ ಹಾಕುತ್ತಾರೆ. ಬಹುತೇಕ ಸಲ ಅದು ಸರಿಯೇ ಇರುತ್ತದೆ.

ಅದಕ್ಕೇ, ಗಾಬರಿಯಲ್ಲಿ ಎಲ್ಲವನ್ನೂ ಒಂದೇ ಸಲ ಹೊಸ ವ್ಯಾಲೆಟ್‌ಗೆ ಕಳಿಸಬೇಡಿ. ಎಲ್ಲರೂ ಮೊದಲು ಮಾಡುವುದು ಇದನ್ನೇ, ಅಲ್ಲಿವರೆಗೆ ಬೇರೆ ಬೇರೆ ಇದ್ದದ್ದನ್ನೂ ತಾವೇ ಗಂಟು ಹಾಕಿ ತೋರಿಸಿದಂತೆ ಆಗುತ್ತದೆ. ಯಾವ ತುಂಡು ಖರ್ಚು ಮಾಡಬೇಕೆಂದು ಆರಿಸಲು ಬಿಡುವ ‘ಕಾಯಿನ್ ಕಂಟ್ರೋಲ್’ ಇರುವ ವ್ಯಾಲೆಟ್ ತಗೊಳ್ಳಿ. ಗ್ರೂಪ್‌ಗೆ ಕೊಟ್ಟ ವಿಳಾಸದ ಹಣಕ್ಕೆ ಗುರುತು ಹಾಕಿ, ಬೇರೆಯದರ ಜೊತೆ ಬೆರೆಸದೆ ಇಡಿ.

ಮೊನೆರೋ ವಿಷಯ. ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಅದು ಮರೆಮಾಡುತ್ತದೆ, ನಿಜ. ಆದರೆ 2016ರಲ್ಲಿ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 1,20,000 ಬಿಟ್‌ಕಾಯಿನ್ ಕದ್ದ ಪ್ರಕರಣ ನೋಡಿ. ಅಂಥ ನಾಣ್ಯಕ್ಕೆ ಬದಲಾಯಿಸಿದ್ದೂ ಸೇರಿ ಏನೆಲ್ಲಾ ಕಸರತ್ತು ಮಾಡಿದರೂ 2022ರಲ್ಲಿ ನ್ಯೂಯಾರ್ಕ್‌ನಲ್ಲಿ ದಂಪತಿ ಸಿಕ್ಕಿಬಿದ್ದರು, ಸುಮಾರು 94,000 ಬಿಟ್‌ಕಾಯಿನ್ ವಶವಾಯಿತು. ನಾಣ್ಯಗಳ ಗೂಢಲಿಪಿಯನ್ನು ಯಾರೂ ಒಡೆಯಬೇಕಾಗಲಿಲ್ಲ. ಹಣದ ಜಾಡು ಅವರದೇ ಹೆಸರಿನ ಖಾತೆಗಳಿಗೆ ಬಂದು ನಿಂತಿತ್ತು, ಹಣ ಖರ್ಚು ಮಾಡಲು ಬೇಕಾದ ರಹಸ್ಯ ಕೀಗಳ ಕಡತ ಕ್ಲೌಡ್‌ನಲ್ಲಿ ಇತ್ತು!

ಸರ್ಕಾರದಿಂದ ಮುಚ್ಚಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಪ್ಯಾನ್ ಇದೆ, 2022ರ ಜುಲೈನಿಂದ ಮಾರಿದಾಗ ಶೇ 1 ಟಿಡಿಎಸ್ ಅದೇ ಪ್ಯಾನ್ ಮೇಲೆ ಹಿಡಿಯುತ್ತಾರೆ, 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿಯಲ್ಲೂ ಇವೆ. ಲಾಭಕ್ಕೆ ಶೇ 30 ತೆರಿಗೆ ಕಟ್ಟಿ ನೆಮ್ಮದಿಯಾಗಿರಿ. ಹಲವರ ನಾಣ್ಯ ಬೆರೆಸಿ ಜಾಡು ಮರೆಮಾಡುವ ಮಿಕ್ಸರ್‌ಗಳ ತಂಟೆಯಂತೂ ಬೇಡ, ಅಲ್ಲಿಂದ ಬಂದ ಹಣವನ್ನು ಎಕ್ಸ್‌ಚೇಂಜ್ ತಡೆಹಿಡಿದರೆ ಸುಮ್ನೆ ತಲೆನೋವು. ನೀವು ಮರೆಮಾಡಬೇಕಿರುವುದು ಕಳ್ಳರಿಂದ, ಗ್ರೂಪ್‌ನ ಬಾಯಿಯಿಂದ.

ಗೆಳೆಯನಿಂದ ಇನ್ನೂ ಸಣ್ಣಪುಟ್ಟ ಬಾಕಿ ಬರಬೇಕಿದ್ದರೆ ಲೈಟ್ನಿಂಗ್ (ಬಿಟ್‌ಕಾಯಿನ್ ಮೇಲೆ ನಡೆಯುವ ಸಣ್ಣ ಪಾವತಿಗಳ ಜಾಲ) ಇನ್‌ವಾಯ್ಸ್ ಮಾಡಿ ಅವನೊಬ್ಬನಿಗೇ ಕಳಿಸಿ. ಆ ಪಾವತಿ ಒಂದೊಂದಾಗಿ ಬ್ಲಾಕ್‌ಚೈನ್‌ನಲ್ಲಿ ದಾಖಲಾಗಲ್ಲ, ಉಳಿದದ್ದೆಷ್ಟು ಅಂತ ಅವನಿಗೂ ಕಾಣಲ್ಲ. ಇಲ್ಲಾಂದ್ರೆ ಯುಪಿಐ ಇದೆಯಲ್ಲ!