ಹೊಸ ಮನೆಯ ಗೇಟಿಗೆ ನಮ್ಮದೇ ಲಾಂಛನ ಮಾಡಿಸಬೇಕು, ಗಂಡಭೇರುಂಡ ಹಾಕಿಸಬಹುದಾ?

ಮಂಡ್ಯದಲ್ಲಿ ಮನೆ ಕಟ್ಟಿಸಿದ್ದೀರಿ. ಗೇಟಿಗೂ ಗೃಹಪ್ರವೇಶದ ಪತ್ರಿಕೆಗೂ ಮನೆತನದ ಲಾಂಛನ ಬೇಕು. ಸ್ನೇಹಿತರೊಬ್ಬರು ಗಂಡಭೇರುಂಡ, ಎರಡು ಸಿಂಹ, ಕಿರೀಟ ಸೇರಿಸಿ ಚಿತ್ರ ಮಾಡಿಕೊಟ್ಟಿದ್ದಾರೆ, ಸರಿನಾ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ನೇಮ್‌ಪ್ಲೇಟ್ ಮಾಡುವವನು. ಚಿತ್ರವೇನೋ ಚೆನ್ನಾಗಿದೆ. ಆದರೆ ಅದರಲ್ಲಿ ನಿಮ್ಮ ಮನೆಯದು ಅನ್ನುವಂಥದ್ದು ಒಂದೂ ಇಲ್ಲ.

ಗಂಡಭೇರುಂಡ ಬೇಡ. ಅದು ಮೈಸೂರು ಅರಸರದು, ಈಗ ರಾಜ್ಯ ಸರ್ಕಾರದ್ದು. ಅರಸರಿಗಿಂತ ಹಳೆಯದೂ ಹೌದು, ಬಳ್ಳಿಗಾವಿಯಲ್ಲಿ 1047ರ ಭೇರುಂಡ ಕಂಬವಿದೆ. ಸರ್ಕಾರದ ಲಾಂಛನವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದು ಅಂತ 1950ರ ಕಾಯಿದೆ ಇದೆ. ಸಾರನಾಥದ ಸಿಂಹಗಳಿಗೆ, ಅಂದರೆ ರಾಷ್ಟ್ರಲಾಂಛನಕ್ಕೆ, 2005ರಲ್ಲಿ ಬೇರೆಯೇ ಕಾಯಿದೆ ಬಂತು. ಕಾಯಿದೆ ಬಿಡಿ, ಗೇಟಿನ ಮೇಲೆ ಗಂಡಭೇರುಂಡ ಇದ್ದರೆ ಜನ ಯಾವುದೋ ಸರ್ಕಾರಿ ಕಚೇರಿ ಅಂತ ಅರ್ಜಿ ಹಿಡಿದು ಬಂದಾರು! ಕಿರೀಟವನ್ನೂ ತೆಗೆಸಿ. ಆ ಎರಡು ಸಿಂಹಗಳೂ ಬೇಡ. ಅಕ್ಕಪಕ್ಕ ಗುರಾಣಿ ಹಿಡಿದು ನಿಲ್ಲುವ ಪ್ರಾಣಿಗಳನ್ನು, ಮನೆತನದ ಲಾಂಛನದ ಪದ್ಧತಿ ಇರುವ ಇಂಗ್ಲೆಂಡಿನಲ್ಲೂ ಎಲ್ಲರಿಗೂ ಕೊಡುವುದಿಲ್ಲ.

ಇನ್ನೊಂದು ಮಾತು. ‘ನಿಮ್ಮ ಸರ್‌ನೇಮಿನ ಲಾಂಛನ’ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ, ದುಡ್ಡು ಕಳೆದುಕೊಳ್ಳಬೇಡಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಸಿಗುವುದು ಒಬ್ಬ ಮನುಷ್ಯನಿಗೆ, ಅವನಿಂದ ಅವನ ಸಂತತಿಗೆ. ಅದೇ ಹೆಸರಿನ ಕಂಡವರಿಗೆಲ್ಲ ಅಲ್ಲ. ಲಂಡನ್ನಿನಲ್ಲಿ ಇದಕ್ಕೆಂದೇ 1484ರಿಂದ ಒಂದು ಸಂಸ್ಥೆ ಇದೆ. ‘ಗೌಡ’ ಅನ್ನೋ ಹೆಸರಿಗೊಂದು ಗುರಾಣಿ ಅಂದರೆ ಮಂಡ್ಯದ ಅರ್ಧ ಗೇಟಿಗೆ ಅದೇ ಬರಬೇಕಾಗುತ್ತೆ, ಅಲ್ವಾ?

ಈಗ ಬಣ್ಣದ ವಿಷಯ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನಮ್ಮಪ್ಪ ವೀಳ್ಯದೆಲೆ ತೋಟ ಮಾಡುತ್ತಿದ್ದರು. ಅದಕ್ಕೇ ನಮ್ಮನೆ ಗೇಟಿಗೆ ಕಡು ನೀಲಿ ತಗಡು, ಅದರ ಮೇಲೆ ಹಸಿರು ವೀಳ್ಯದೆಲೆ ಮಾಡಿ ಹಾಕಿದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಮುದ್ದಾಗಿ ಕಾಣುತ್ತಿತ್ತು. ಗೇಟಿಗೆ ಹತ್ತಿಸಿ ರಸ್ತೆಯ ಆಚೆ ನಿಂತು ನೋಡಿದರೆ ಕಪ್ಪು ಚುಕ್ಕೆ. ಹತ್ತಿರ ಬಂದವರದ್ದು ಬೇರೆ ಕಥೆ. ಒಂದು ಸಂಜೆ ಒಬ್ಬರು ಬೆಲ್ ಮಾಡಿ, “ಹಾರ್ಟ್ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?” ಅಂದರು. ನನ್ನ ಹೆಂಡತಿ ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಆಮೇಲೆ ಗೊತ್ತಾಯಿತು, ಯೂರೋಪಿನವರು ಇದಕ್ಕೆ ಯಾವತ್ತೋ ನಿಯಮ ಮಾಡಿದ್ದಾರೆ. ಗುರಾಣಿಯ ಮೇಲೆ ಲಾಂಛನ ಬರೆಯುವ ಪದ್ಧತಿ ಅಲ್ಲಿ ಬೆಳೆದದ್ದು 12ನೇ ಶತಮಾನದಲ್ಲಿ. ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದವನನ್ನು ದೂರದಿಂದ ಗುರುತಿಸಬೇಕಲ್ಲ? ಹಳದಿ, ಬಿಳಿ ಎರಡನ್ನೂ ಅವರು ಲೋಹ ಅನ್ನುತ್ತಾರೆ, ಚಿನ್ನ ಮತ್ತು ಬೆಳ್ಳಿ. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ಅಷ್ಟೇ. ನಮ್ಮ ರಾಜ್ಯದ ಲಾಂಛನ ನೋಡಿ, ಕೆಂಪು ಗುರಾಣಿಯ ಮೇಲೆ ಬಿಳಿ ಹಕ್ಕಿ. ಮೈಸೂರಿನ ಬೀಟೆ ಮರದ ಕೆತ್ತನೆಯಲ್ಲೂ ಕಪ್ಪು ಮರದೊಳಗೆ ಬಿಳಿಯದನ್ನೇ ಕೂರಿಸುತ್ತಾರೆ. ಮೊದಲು ದಂತ ಇತ್ತು, ಈಗ ಬೇರೆ ಮರ, ಪ್ಲಾಸ್ಟಿಕ್. ಎಲೆ ಹಸಿರಾಗೇ ಇರಲಿ ಅಂತ ನಾನು ತಳವನ್ನು ಹಳದಿ ಮಾಡಿದೆ, ತೊಟ್ಟನ್ನು ಉದ್ದ ಮಾಡಿದೆ. ಡಾಕ್ಟರನ್ನು ಹುಡುಕಿಕೊಂಡು ಬರುವುದು ನಿಂತಿತು.

ನಿಮ್ಮದಕ್ಕೆ ಬರೋಣ. ತಾತನ ಆಲೆಮನೆ ಇತ್ತು, ಅಮ್ಮ ಶಾಲೆಯಲ್ಲಿ ಟೀಚರ್ ಆಗಿದ್ದರು ಅಂತ ಸುಮ್ನೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನಿಮ್ಮ ಲಾಂಛನ ಆ ಸಾಲಿನಲ್ಲೇ ಇದೆ ಕಣ್ರೀ. ನಾನಾದರೆ ಕೆಂಪು ಗುರಾಣಿಯ ನಡುವೆ ಬೆಲ್ಲದ ಕೊಪ್ಪರಿಗೆ ಬರೆಯುತ್ತೇನೆ, ಹಳದಿಯಲ್ಲಿ. ಅದರ ಮೇಲೆ ತೆರೆದ ಪುಸ್ತಕ ಇಡೋಣ ಅನ್ನಿಸಿತು. ಆದರೆ ಪುಸ್ತಕ ಬೇಯಿಸುತ್ತಿರುವ ಹಾಗೆ ಕಾಣುತ್ತೆ! ಅದಕ್ಕೆ ಗುರಾಣಿಯ ಮೇಲ್ತುದಿಗೆ ಅಡ್ಡಲಾಗಿ ಒಂದು ಬಿಳಿ ಪಟ್ಟಿ, ಪಟ್ಟಿಯೊಳಗೆ ಕೆಂಪು ಪುಸ್ತಕ. ಇಷ್ಟನ್ನು ಫೋನಿನಲ್ಲಿ ಹೇಳಿದರೂ ಯಾವ ಪೇಂಟರ್ ಬೇಕಾದರೂ ಬರೆಯಬಲ್ಲ. ಯೂರೋಪಿನಲ್ಲೂ ಲಾಂಛನ ಅಂದರೆ ಮೊದಲು ಮಾತಿನ ವಿವರಣೆ. ಆ ವಿವರಣೆಗೆ ಹೊಂದಿದರೆ ಕೊಪ್ಪರಿಗೆ ಸ್ವಲ್ಪ ದಪ್ಪ ಇದ್ದರೂ ತೆಳ್ಳಗಿದ್ದರೂ ಅದೇ ಲಾಂಛನ. ಎತ್ತು, ಗಾಣ, ಕಬ್ಬಿನ ಜಲ್ಲೆ ಅಂತ ಜಾಸ್ತಿ ತುಂಬಿಸಬೇಡಿ.

ಪತ್ರಿಕೆಯನ್ನು ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸುವುದಾದರೆ ಅದಕ್ಕೂ ದಾರಿ ಇದೆ. ಕೆಂಪಿಗೆ ನಿಂತ ಗೆರೆ, ಹಳದಿಗೆ ಚುಕ್ಕಿ, ಬಿಳಿಗೆ ಖಾಲಿ. ನೀಲಿ ಇದ್ದಿದ್ದರೆ ಮಲಗಿದ ಗೆರೆ. 17ನೇ ಶತಮಾನದಿಂದ ನಡೆದುಬಂದ ರೂಢಿ ಇದು.

ಕೆಳಗೆ ಒಂದು ಮಾತು ಬೇಕೇ ಬೇಕು ಅಂದರೆ ಲ್ಯಾಟಿನ್ ಬೇಡ. ಮೈಸೂರು ಅರಮನೆಯ ದೊಡ್ಡ ಬಾಗಿಲ ಕಮಾನಿನ ಮೇಲೆ ‘ನ ಬಿಭೇತಿ ಕದಾಚನ’ ಅಂತಿದೆ, ಎಂದೂ ಹೆದರುವುದಿಲ್ಲ ಅಂತ ಅರ್ಥ. ಉಪನಿಷತ್ತಿನ ಮಾತು, ಅರಸರಿಗೆ ಒಪ್ಪುತ್ತೆ. ನಮ್ಮನೆ ವೀಳ್ಯದೆಲೆ ಕೆಳಗೆ ‘ಉಂಡು ಹೋಗಿ’ ಅಂತಿದೆ. ಯಾರೇ ಬಂದರೂ ನಮ್ಮಮ್ಮ ಹೇಳುತ್ತಿದ್ದದ್ದು ಅಷ್ಟೇ.

ವೆಲ್ಡಿಂಗ್‌ನವರಿಗೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಮೊದಲು ಅದೇ ಅಳತೆಗೆ ರಟ್ಟು ಕತ್ತರಿಸಿ, ಬಣ್ಣ ಬಳಿದು ಗೇಟಿಗೆ ಕಟ್ಟಿ. ಸಂಜೆ ಆರೂವರೆಗೆ ಎದುರು ಮನೆಯವರ ಕಾಂಪೌಂಡ್ ಹತ್ತಿರ ನಿಂತು ನೋಡಿ. ಅವರ ಮನೆ ಮಗುವನ್ನು ಕರೆದು ಅದೇನು ಅಂತ ಕೇಳಿ. ‘ಪಾತ್ರೆ’ ಅಂದರೂ ಸಾಕು.