ಹಳೆಯ ಜಿಪ್ಸಿಗೆ ಕಿಂಗ್ ಎಂಜಿನ್: ಮೊದಲು ಗೇರ್‌ಬಾಕ್ಸ್‌ ಕೂರುವ ಜಾಗ ನೋಡಿ

ನಮಸ್ಕಾರ. ಮೂಡಿಗೆರೆಯ ತೋಟದಲ್ಲಿರುವ ನಿಮ್ಮ 1991ರ ಮಾರುತಿ ಜಿಪ್ಸಿ ಎಂಜಿ410ರ ಚಾಸಿ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಹೊಗೆ ಕಾರುತ್ತಿದೆ ಎಂದೂ, ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್ ಕೂರಿಸುವುದೋ ಅಥವಾ ನಿಮ್ಮ ಗಾಡಿಯ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ನ ಎಂಪಿಎಫ್ಐ (ಪೆಟ್ರೋಲನ್ನು ಇಂಜೆಕ್ಟರ್ ಮೂಲಕ ಚಿಮ್ಮಿಸುವ) ಎಂಜಿನ್ನನ್ನು ಅದರ ಐದು ಗೇರಿನ ಬಾಕ್ಸಿನೊಂದಿಗೆ ತರುವುದೋ ಎಂದೂ ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಸರಿ. ಆದರೆ ಅದಕ್ಕೆ ಕಾರಣ 45 ಅಶ್ವಶಕ್ತಿಯ ಜಾಗದಲ್ಲಿ 80 ಬರುತ್ತದೆ ಎಂಬುದಲ್ಲ. ಐದನೇ ಗೇರ್ ಬರುತ್ತದೆ ಎಂಬುದು.

ಡೀಸೆಲ್ ವಿಚಾರವನ್ನು ಬೇಗ ಮುಗಿಸಿಬಿಡುತ್ತೇನೆ. ಆ ಎಂಜಿನ್ನಿನ ಟಾರ್ಕ್ 190 ನ್ಯೂಟನ್ ಮೀಟರ್, ಕಿಂಗ್‌ನ 16 ವಾಲ್ವ್ ಪೆಟ್ರೋಲ್ ಎಂಜಿನ್ನಿನದು 103. ನಿಮ್ಮ ಹಳೆಯ ಗೇರ್‌ಬಾಕ್ಸ್ ಹಾಗಿರಲಿ, ಕಿಂಗ್‌ನದು ಸಹ ಈ 103ರ ಲೆಕ್ಕಕ್ಕೆ ಮಾಡಿದ್ದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ಕಡೆಸಬೇಕು, ಅದರ ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಮತ್ತು ಇನ್‌ಪುಟ್ ಶಾಫ್ಟ್‌ನ ಬೇರಿಂಗ್ ಬಾಳುವುದಿಲ್ಲ. ಮೇಲಾಗಿ ಮುಂದಿನ ಪಟ್ಟೆಗಳ (ಲೀಫ್ ಸ್ಪ್ರಿಂಗ್) ಮೇಲೆ ಭಾರ ಹೆಚ್ಚುತ್ತದೆ, ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕಾಗುತ್ತದೆ. ತೋಟದ ಕೆಲಸದ ಗಾಡಿಗೆ ಇಷ್ಟು ರಗಳೆ ಬೇಡ.

ಈಗ ಗೇರಿನ ಲೆಕ್ಕ. ಎಂಜಿ410ರ ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹೈ, ಅಂದರೆ ಮಾಮೂಲಿ ರಸ್ತೆಯ, ಅನುಪಾತ ಸುಮಾರು 1.58, ಡಿಫರೆನ್ಷಿಯಲ್ಲಿನದು (ಆಕ್ಸಲ್ ನಡುವಿನ ಗೇರ್) 4.11, ಎರಡನ್ನೂ ಗುಣಿಸಿದರೆ 6.5. ಟೈರಿನ ಸುತ್ತಳತೆ 2.2 ಮೀಟರ್ ಎಂದು ಹಿಡಿದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಲ್ಲಿ (ಅನುಪಾತ 1) ಎಂಜಿನ್ ನಿಮಿಷಕ್ಕೆ ಸುಮಾರು 2,950 ಸುತ್ತು ತಿರುಗುತ್ತಿರುತ್ತದೆ. ಕಿಂಗ್‌ನ ಐದನೇ ಗೇರ್ 0.795 ಆಗಿರುವುದರಿಂದ ಅದೇ ವೇಗದಲ್ಲಿ 2,350 ಸಾಕು. ಆದ್ದರಿಂದ ಹಳೆಯ ಟ್ರಾನ್ಸ್‌ಫರ್ ಕೇಸನ್ನೂ ಹಳೆಯ ಡಿಫರೆನ್ಷಿಯಲ್‌ಗಳನ್ನೂ ಹಾಗೆಯೇ ಇಟ್ಟುಕೊಳ್ಳಿ. ಕಿಂಗ್‌ನ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ (ಏರಿಗೆ ಹಾಕುವ ನಿಧಾನದ ಅನುಪಾತ) 2.268, ನಿಮ್ಮದರಲ್ಲಿ 2.51, ಮಳೆಗಾಲದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಜಾರುವ ಏರಿನಲ್ಲಿ ಹತ್ತುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದಲೇ ಬರುವುದರಿಂದ ಮುಳ್ಳು ತೋರಿಸುವ ವೇಗವೂ ಕೆಡುವುದಿಲ್ಲ.

ಜೋಡಣೆಯಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಇಳಿಸಿ, ಅದಕ್ಕೆ ಬ್ರಾಕೆಟ್ ಬೆಸೆದು, ಆಮೇಲೆ ಹಿಂದಿನದನ್ನು ಹೊಂದಿಸಲು ಹೋಗುತ್ತಾರೆ. ಇದು ತಿರುಗುಮುರುಗು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಶಾಫ್ಟ್ ಗಿಡ್ಡವಾದಷ್ಟೂ ಅದರ ಕೋನ ತಪ್ಪಿದರೆ ಕ್ರಾಸ್‌ಗಳು (ಶಾಫ್ಟಿನ ತುದಿಯ ಕೀಲುಗಳು) ಬೇಗ ಸವೆಯುತ್ತವೆ. ಆದ್ದರಿಂದ ಟ್ರಾನ್ಸ್‌ಫರ್ ಕೇಸನ್ನು ಅಲುಗಿಸದೆ, ಗೇರ್‌ಬಾಕ್ಸಿನ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ) ಅದರ ಫ್ಲ್ಯಾಂಜಿಗೆ ಸಮಾನಾಂತರವಾಗಿ ನಿಲ್ಲುವಂತೆಯೂ, ಗೇರ್ ಲಿವರ್ ನೆಲದ ತೂತಿನಲ್ಲಿ ಎಲ್ಲೂ ತಗಲದೆ ಐದನೇ ಗೇರಿಗೂ ರಿವರ್ಸಿಗೂ ಪೂರ್ತಿ ಹೋಗುವಂತೆಯೂ ಮೊದಲು ಗೇರ್‌ಬಾಕ್ಸಿನ ಜಾಗ ಗೊತ್ತು ಮಾಡಿ. ಎಂಜಿನ್ ಎಲ್ಲಿ ಕೂರಬೇಕೆಂಬುದನ್ನು ಅದೇ ಹೇಳುತ್ತದೆ. ಬ್ರಾಕೆಟ್‌ಗಳನ್ನು ಮೊದಲಿಗೆ ಬರೀ ಟ್ಯಾಕ್ (ಚುಕ್ಕಿ ಬೆಸುಗೆ) ಹೊಡೆಸಿ. ರೇಡಿಯೇಟರ್, ಫ್ಯಾನ್, ಎಕ್ಸಾಸ್ಟ್ ಪೈಪು, ಸ್ಟೇರಿಂಗ್ ಶಾಫ್ಟ್ ಎಲ್ಲವನ್ನೂ ಕೂರಿಸಿ ನೋಡಿದ ಮೇಲೆ ಪೂರ್ತಿ ವೆಲ್ಡಿಂಗ್ ಮಾಡಿಸಿ. "ಕೂತ್ಕೊಳ್ಳುತ್ತೆ ಬಿಡಿ ಸಾರ್" ಎನ್ನುವ ಮೆಕ್ಯಾನಿಕ್‌ನ ಮಾತು ಸಾಮಾನ್ಯವಾಗಿ ನಿಜವೇ, ಎಲ್ಲವೂ ಕೂರುತ್ತದೆ. ಸರಿಯಾಗಿ ಕೂತಿದೆಯೇ ಎಂಬುದನ್ನು ನೀವೇ ಟಾರ್ಚ್ ಹಿಡಿದು ನೋಡಬೇಕು.

ವಿಶೇಷವಾಗಿ ಎಂಜಿನ್ನಿನ ತಳದ ಆಯಿಲ್ ಸಂಪ್. ಮುಂದಿನ ಆಕ್ಸಲ್ ಅದರ ಕೆಳಗೇ ಮೇಲೆ ಕೆಳಗೆ ಆಡುತ್ತಿರುತ್ತದೆ. ಚಪಾತಿ ಹಿಟ್ಟಿನ ಒಂದು ದಪ್ಪ ಉಂಡೆಯನ್ನು ಆಕ್ಸಲ್ ಹೌಸಿಂಗಿನ ಮೇಲಿಟ್ಟು, ಪಟ್ಟೆ ತನ್ನ ರಬ್ಬರ್ ಸ್ಟಾಪಿಗೆ ತಗಲುವವರೆಗೆ ಒಂದೊಂದು ಬದಿಯನ್ನೂ ಜ್ಯಾಕಿನಿಂದ ಎತ್ತಿ, ಇಳಿಸಿದ ಮೇಲೆ ಉಂಡೆ ಎಷ್ಟು ತೆಳುವಾಗಿದೆ ನೋಡಿ. ಎರಡು ಬೆರಳಿನಷ್ಟು ದಪ್ಪ ಉಳಿದಿದ್ದರೆ ನಿಶ್ಚಿಂತೆ, ಅದಕ್ಕಿಂತ ಕಡಿಮೆ ಇದ್ದರೆ ಎಂಜಿನ್ನನ್ನು ಎತ್ತರಿಸಬೇಕು. ಈ ಕಾರಣಕ್ಕೇ ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಎಸ್ಟೀಮ್ ಎಂಜಿನ್ನಿಗೆ ಮನಸೋಲಬೇಡಿ. ಎಂಜಿನ್ ಕುಟುಂಬ ಒಂದೇ ಆದರೂ ಅಲ್ಲಿ ಅದು ಅಡ್ಡಲಾಗಿ ಕೂರುವಂಥದ್ದು. ಸಂಪ್, ಮ್ಯಾನಿಫೋಲ್ಡ್, ಮೌಂಟಿಂಗ್, ಫ್ಯಾನ್ ಯಾವುದೂ ನಿಮಗೆ ನೇರವಾಗಿ ಒದಗುವುದಿಲ್ಲ.

ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಓಡುವ ಸ್ಥಿತಿಯಲ್ಲಿರುವ ಒಂದು ಇಡೀ ಕಿಂಗ್ ಸಿಕ್ಕರೆ ಲಾಭ. ಎಂಪಿಎಫ್ಐಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕತ್ತರಿಸದ ಪೂರ್ತಿ ವೈರಿಂಗ್, ಎಲ್ಲ ಸೆನ್ಸರ್‌ಗಳು, ಏರ್ ಫಿಲ್ಟರ್ ಪೆಟ್ಟಿಗೆ, ಟ್ಯಾಂಕಿನೊಳಗಿನ ಪಂಪ್ ಎಲ್ಲವೂ ಬೇಕು. ಕೀಲಿಗೆ ಇಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಆ ಕೀಲಿಯೂ ಬೇಕು. ಕಾರ್ಬ್ಯುರೇಟರಿನ ಹಳೆಯ ಪೆಟ್ರೋಲ್ ಪೈಪುಗಳನ್ನು ಉಳಿಸಿಕೊಳ್ಳಲೇಬೇಡಿ, ಇಂಜೆಕ್ಷನ್ ಲೈನಿನಲ್ಲಿ 2.5ರಿಂದ 3 ಬಾರ್ ಒತ್ತಡವಿರುತ್ತದೆ. ಇಸಿಯುವನ್ನು ಹಳ್ಳ ದಾಟುವಾಗ ನೀರು ಮುಟ್ಟದಂತೆ ಡ್ಯಾಶ್‌ಬೋರ್ಡಿನ ಹಿಂದೆ ಎತ್ತರದಲ್ಲಿ ಕಟ್ಟಿಸಿ. ಹಳೆಯ ಟ್ರಾನ್ಸ್‌ಫರ್ ಕೇಸ್ ಉಳಿಸಿಕೊಳ್ಳುವುದರಿಂದ ಇಸಿಯುಗೆ ಹೋಗುವ ವೇಗದ ಸಂಕೇತ ಎಲ್ಲಿಂದ ಸಿಗಬೇಕೆಂಬುದನ್ನು ಮೊದಲೇ ಎಲೆಕ್ಟ್ರಿಷಿಯನ್ ಬಳಿ ಮಾತಾಡಿಕೊಳ್ಳಿ. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಿಸಿಬಿಡಿ. ಚಾರ್ಮಾಡಿ ಘಾಟಿ ಇಳಿಯುವ ಗಾಡಿಯಾದ್ದರಿಂದ ಬ್ರೇಕಿಗೂ ಅಷ್ಟೇ ಹಣ ಎತ್ತಿಡಿ. ಮುಂದೆ ಡ್ರಮ್ ಇದ್ದರೆ ಡಿಸ್ಕ್ ಆಗದೆ ಈ ಎಂಜಿನ್ ಬೇಡ.

ಇದೆಲ್ಲಕ್ಕೂ ಮೊದಲು ಆರ್‌ಟಿಒ ಕಚೇರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಆರ್‌ಸಿಯಲ್ಲಿ 970 ಸಿಸಿ ಇದೆ, ಬರುತ್ತಿರುವುದು 1298. ಕಂಪನಿ ಒಂದೇ ಎಂಬ ಮಾತ್ರಕ್ಕೆ ಇದು ತಾನಾಗಿಯೇ ಸಕ್ರಮವಾಗುವುದಿಲ್ಲ. ಹಣ ಕೊಡುವ ಮುನ್ನವೇ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ, ವಿಮೆಯವರಿಗೂ ತಿಳಿಸಿ. ಒಪ್ಪಿಗೆ ಸಿಗದಿದ್ದರೆ ಹಳೆಯ ಎಂಜಿನ್ನನ್ನೇ ಬೋರ್ ಮಾಡಿಸಿ ಕಟ್ಟಿಸುವುದು ಲೇಸು. ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸಿದ ಗಾಡಿ ಸಾರ್ವಜನಿಕ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕರೆ, ಪರಿಹಾರದ ಹೊರೆ ನಿಮ್ಮ ತಲೆಗೇ ಬರಬಹುದು.

ಸದ್ಯಕ್ಕೆ ನಿಮ್ಮ ಗಿಡ್ಡ ಶಾಫ್ಟಿನ ಎರಡೂ ತುದಿಯ ಫ್ಲ್ಯಾಂಜಿನ ವ್ಯಾಸ, ಬೋಲ್ಟ್ ತೂತುಗಳ ನಡುವಿನ ಅಂತರ ಮತ್ತು ಶಾಫ್ಟಿನ ಒಟ್ಟು ಉದ್ದವನ್ನು ಅಳೆದು, ಚಿತ್ರದೊಂದಿಗೆ ಇಲ್ಲಿಯೇ ಹಾಕಿ. ಎರಡು ಮಾದರಿಗಳ ಫ್ಲ್ಯಾಂಜ್‌ಗಳು ಹೊಂದದಿದ್ದರೆ ಯಾವ ತುದಿಯನ್ನು ಬದಲಿಸುವುದು ಸುಲಭ ಎಂಬುದನ್ನು ಆ ಅಳತೆ ನೋಡಿ ಹೇಳುತ್ತೇನೆ.